ನಾಲ್ಕನೆಯ ದಶಮಾಂಶದ ಸಾಕ್ಷ್ಯ



ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ದಿನ ಬೆಳಗಾದರೆ ಎದುರಾಗುವ ಪ್ರಶ್ನೆ ಒಂದೇ: ಈ ಸೀಸೆಯಲ್ಲಿರುವುದು ಏನು? ಹೊಸ ಅಣುವೊಂದನ್ನು ಕಟ್ಟಿದ ಸಂಶೋಧನಾ ವಿದ್ಯಾರ್ಥಿನಿಗೆ ಅದು ಬೇಕು. ಗಿಡದ ಬೇರಿನಿಂದ ಸಾರ ತೆಗೆದವರಿಗೂ ಬೇಕು. ಮಾತ್ರೆಯೊಳಗೆ ಬೇಡದ್ದೇನಾದರೂ ಸೇರಿಕೊಂಡಿದೆಯೇ ಎಂದು ನೋಡುವ ಔಷಧ ನಿಯಂತ್ರಕರಿಗಂತೂ ಬೇಕೇ ಬೇಕು. ಬಿಳಿಯ ಪುಡಿಗಳೆಲ್ಲ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅವುಗಳಲ್ಲಿ ಒಂದು ಜೀವ ಉಳಿಸಬಹುದು, ಇನ್ನೊಂದು ಜೀವ ತೆಗೆಯಬಹುದು. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಹೇಗೆ ಸಿಗುತ್ತದೆ, ಸಿಕ್ಕ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎನ್ನುವುದು ರಸಾಯನಶಾಸ್ತ್ರಜ್ಞರಿಗಷ್ಟೇ ಸೇರಿದ ವಿಷಯವಲ್ಲ. ಅದಕ್ಕಾಗಿಯೇ ಇಂದಿನ ಸಾರ್ವಜನಿಕ ಉಪನ್ಯಾಸಕ್ಕೆ ಇದನ್ನು ಆರಿಸಿಕೊಂಡೆ.

ಉತ್ತರ ಕೊಡುವ ಸಾಧನಗಳಲ್ಲಿ ಹೈ ರೆಸಲ್ಯೂಷನ್ ಮಾಸ್ ಸ್ಪೆಕ್ಟ್ರೋಮೀಟರಿಗೆ ಇಂದು ದೊಡ್ಡ ಗೌರವವಿದೆ. ಪ್ರಯೋಗಾಲಯಗಳಲ್ಲಿ ಎಲ್ಲರೂ ಎಚ್‌ಆರ್‌ಎಂಎಸ್ ಎಂದೇ ಕರೆಯುತ್ತಾರೆ. ಅಣುವಿನ ದ್ರವ್ಯರಾಶಿಯನ್ನು ಅದು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಅಳೆದು ಕೊಡುತ್ತದೆ. ಆ ಗೌರವ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಅದು ಯಾವ ಬಗೆಯ ಸಾಕ್ಷಿ ಎಂಬುದನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲ ಎಂದು ನನಗೆ ಅನ್ನಿಸುತ್ತ ಬಂದಿದೆ. ಈ ಯಂತ್ರ ‘ಇದು ಅದಲ್ಲ’ ಎಂದು ಹೇಳಿದರೆ ಸಾಮಾನ್ಯವಾಗಿ ಆ ಮಾತಿಗೆ ಮೇಲ್ಮನವಿ ಇಲ್ಲ. ‘ಇದು ಅದೇ’ ಎಂದು ಹೇಳುವ ಅಧಿಕಾರ ಮಾತ್ರ ಅದೊಂದಕ್ಕೇ ಇಲ್ಲ. ನನ್ನ ಇಂದಿನ ಮಾತೆಲ್ಲ ಈ ವ್ಯತ್ಯಾಸದ ಸುತ್ತಲೇ.

ಮೊದಲು ದಶಮಾಂಶಗಳು ಎಲ್ಲಿಂದ ಬಂದವು ಎಂದು ನೋಡೋಣ. ಶಾಲೆಯಲ್ಲಿ ನಾವು ಇಂಗಾಲ 12, ಸಾರಜನಕ 14, ಆಮ್ಲಜನಕ 16, ಜಲಜನಕ 1 ಎಂದು ಕಲಿತೆವು. ಆ ಲೆಕ್ಕದಲ್ಲಿ ಕಾರ್ಬನ್ ಮಾನಾಕ್ಸೈಡ್ 28, ಸಾರಜನಕದ ಅಣು 28, ಎಥಿಲೀನ್ ಕೂಡ 28. ಒಂದು ಉಸಿರುಗಟ್ಟಿಸುವ ವಿಷ, ಒಂದು ನಾವು ಪ್ರತಿಕ್ಷಣ ಒಳಗೆಳೆದುಕೊಳ್ಳುವ ಗಾಳಿಯ ಬಹುಪಾಲು, ಇನ್ನೊಂದು ಬಾಳೆಗೊನೆಯನ್ನು ಹಣ್ಣಾಗಿಸುವ ಅನಿಲ. ಮೂರೂ ತೂಕದಲ್ಲಿ ಒಂದೇ ಎಂದಾದರೆ ತೂಗಿ ಏನು ಪ್ರಯೋಜನ? ಸೂಕ್ಷ್ಮವಾಗಿ ಅಳೆದಾಗ ಅವು ಒಂದೇ ಅಲ್ಲ. ಕಾರ್ಬನ್ ಮಾನಾಕ್ಸೈಡ್ 27.9949, ಸಾರಜನಕ 28.0061, ಎಥಿಲೀನ್ 28.0313.

ಈ ಬಾಲದಂಕಿಗಳು ಪರಮಾಣು ಬೀಜದ ಒಳಗಿನಿಂದ ಬರುತ್ತವೆ. ಪ್ರೋಟಾನು, ನ್ಯೂಟ್ರಾನುಗಳು ಒಟ್ಟಾಗಿ ಬೀಜ ಕಟ್ಟಿಕೊಂಡಾಗ ಅವುಗಳ ದ್ರವ್ಯರಾಶಿಯ ಸ್ವಲ್ಪ ಭಾಗ ಶಕ್ತಿಯಾಗಿ ಹೊರಗೆ ಹೋಗುತ್ತದೆ. ಎಷ್ಟು ಬಿಗಿಯಾಗಿ ಕಟ್ಟಿಕೊಂಡವೋ ಅಷ್ಟು ಹೆಚ್ಚು ನಷ್ಟ. ಈ ನಷ್ಟ ಒಂದೊಂದು ಧಾತುವಿಗೆ ಒಂದೊಂದು ಥರ. ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು ಸಮಸ್ಥಾನಿಗಳು ಎನ್ನುತ್ತಾರೆ; ಇಂಗಾಲದ ಮುಖ್ಯ ಸಮಸ್ಥಾನಿಯನ್ನು ಸರಿಯಾಗಿ 12 ಎಂದು ಜಗತ್ತು 1961ರ ಹೊತ್ತಿಗೆ ಒಪ್ಪಿಕೊಂಡಿತು. ಅದರ ಮುಂದೆ ಜಲಜನಕ 1.007825, ಸಾರಜನಕ 14.003074, ಆಮ್ಲಜನಕ 15.994915. ಜಲಜನಕದ ಬೀಜದಲ್ಲಿ ಇರುವುದು ಒಂಟಿ ಪ್ರೋಟಾನು. ಕಟ್ಟಿಕೊಳ್ಳಲು ಜೊತೆ ಇಲ್ಲ, ಆದ್ದರಿಂದ ನಷ್ಟವೂ ಇಲ್ಲ, ಹಾಗಾಗಿ ಅದು ಒಂದಕ್ಕಿಂತ ತುಸು ಭಾರ. ಜಲಜನಕ ಹೇರಳವಾಗಿರುವ ಎಣ್ಣೆ, ಮೇಣಗಳಂಥ ಅಣುಗಳ ದಶಮಾಂಶ ಮೇಲೇರುತ್ತದೆ. ಆಮ್ಲಜನಕ, ಗಂಧಕ, ಕ್ಲೋರಿನ್ ಸೇರಿದಂತೆ ಕೆಳಗಿಳಿಯುತ್ತದೆ. ಅನುಭವಸ್ಥರು ದಶಮಾಂಶವನ್ನು ನೋಡಿಯೇ ಇದು ಕೊಬ್ಬಿನ ಜಾತಿಯೋ ಸಕ್ಕರೆಯ ಜಾತಿಯೋ ಎಂದು ಅಂದಾಜು ಮಾಡುತ್ತಾರೆ.

ಈ ದಶಮಾಂಶಗಳನ್ನು ಮೊದಲು ಅಳೆದು ತೋರಿಸಿದ್ದು ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯ. ಜೆ. ಜೆ. ಥಾಮ್ಸನ್ ನಿಯಾನ್ ಅನಿಲದಲ್ಲಿ 20 ಮತ್ತು 22 ಎಂಬ ಎರಡು ಗೆರೆಗಳನ್ನು ಕಂಡರು. ಅವರ ಶಿಷ್ಯ ಫ್ರಾನ್ಸಿಸ್ ಆಸ್ಟನ್ ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಉತ್ತಮವಾದ ಉಪಕರಣವನ್ನು ಕಟ್ಟಿ ಧಾತುಗಳನ್ನು ಒಂದೊಂದಾಗಿ ಅಳೆಯತೊಡಗಿದರು. ಜಲಜನಕ ಪೂರ್ಣಾಂಕಕ್ಕೆ ಒಗ್ಗದೆ 1.008ರಲ್ಲಿ ನಿಂತಿತು. ಬೇರೆಯವರಾಗಿದ್ದರೆ ಅಳತೆಯ ದೋಷ ಎಂದು ಕೈಬಿಡಬಹುದಾಗಿದ್ದ ಆ ಅಂಕಿಯನ್ನು ಆಸ್ಟನ್ ಬಿಡಲಿಲ್ಲ. ನಾಲ್ಕು ಜಲಜನಕ ಕೂಡಿ ಒಂದು ಹೀಲಿಯಂ ಆದಾಗ ಕಳೆದುಹೋಗುವ ಆ ಚೂರೇ ಸೂರ್ಯನ ಶಕ್ತಿಯ ಮೂಲವಿರಬಹುದೆಂದು ಆರ್ಥರ್ ಎಡಿಂಗ್ಟನ್ 1920ರಲ್ಲೇ ಹೇಳಿದರು. ಒಂದು ಚಿಕ್ಕ ದಶಮಾಂಶಕ್ಕೆ ಮರ್ಯಾದೆ ಕೊಟ್ಟದ್ದರಿಂದ ನಕ್ಷತ್ರಗಳು ಉರಿಯುವ ಬಗೆ ತಿಳಿಯುವ ದಾರಿ ತೆರೆಯಿತು. ನನಗೆ ವಿಜ್ಞಾನದ ಚರಿತ್ರೆಯಲ್ಲಿ ತುಂಬ ಇಷ್ಟವಾದ ಪ್ರಸಂಗಗಳಲ್ಲಿ ಇದೂ ಒಂದು. ಆಸ್ಟನ್ನರಿಗೆ 1922ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಸಾವಯವ ರಸಾಯನಶಾಸ್ತ್ರಕ್ಕೆ ಈ ವಿದ್ಯೆ ಬರಲು ಇನ್ನೂ ಮೂರು ದಶಕ ಹಿಡಿಯಿತು. ಮ್ಯಾಂಚೆಸ್ಟರಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಬೇನನ್ 1950ರ ದಶಕದಲ್ಲಿ ಒಂದು ಸರಳವಾದ ಮಾತನ್ನು ಹೇಳಿದರು: ಅಣುವಿನ ದ್ರವ್ಯರಾಶಿಯನ್ನು ಸಾಕಷ್ಟು ನಿಖರವಾಗಿ ಅಳೆದರೆ ಅದರಲ್ಲಿ ಯಾವ ಧಾತುವಿನ ಎಷ್ಟು ಪರಮಾಣುಗಳಿವೆ ಎಂದು ಲೆಕ್ಕದಿಂದಲೇ ಹೇಳಬಹುದು. ಪ್ರತಿ ಧಾತುವಿಗೂ ತನ್ನದೇ ದಶಮಾಂಶ ಇರುವುದರಿಂದ ಕೂಡಿಸಿದ ಮೊತ್ತದಲ್ಲಿ ಆ ಗುರುತು ಉಳಿದಿರುತ್ತದೆ. ಅಂದಿನ ದಿನಗಳಲ್ಲಿ ಕಂಪ್ಯೂಟರಿನ ನೆರವು ಎಲ್ಲರಿಗೂ ಇರಲಿಲ್ಲ. ಸಾವಿರಾರು ಅಣುಸೂತ್ರಗಳ ದ್ರವ್ಯರಾಶಿಗಳನ್ನು ಕೋಷ್ಟಕ ಮಾಡಿ 1963ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಇಂದು ಕ್ಷಣಾರ್ಧದಲ್ಲಿ ಪರದೆಯ ಮೇಲೆ ಬರುವ ಪಟ್ಟಿ ಅಂದು ಬೆರಳಿಟ್ಟು ಹುಡುಕುವ ಪುಸ್ತಕವಾಗಿತ್ತು.

ಉಪಕರಣಗಳ ಚರಿತ್ರೆಯನ್ನು ಬೇಗ ದಾಟುತ್ತೇನೆ. ಬೇನನ್ನರ ಕಾಲದ ಯಂತ್ರಗಳು ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಪಡೆದ ಅಣುಗಳನ್ನು, ವಿದ್ಯುತ್ ಕ್ಷೇತ್ರದಲ್ಲೂ ಕಾಂತಕ್ಷೇತ್ರದಲ್ಲೂ ಬಾಗಿಸುತ್ತಿದ್ದವು. ಟೈಮ್ ಆಫ್ ಫ್ಲೈಟ್ ಯಂತ್ರದಲ್ಲಿ ಅಯಾನುಗಳನ್ನು ಒಂದೇ ಶಕ್ತಿಯಿಂದ ತಳ್ಳಿ ಕೊಳವೆಯ ತುದಿ ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುತ್ತಾರೆ. ಹಗುರವಾದದ್ದು ಮೊದಲು, ಭಾರವಾದದ್ದು ಆಮೇಲೆ. ಬಲವಾದ ಕಾಂತದೊಳಗೆ ಅಯಾನುಗಳನ್ನು ಸುತ್ತಿಸಿ ಆ ಸುತ್ತಿನ ಆವರ್ತನವನ್ನು ಅಳೆಯುವ ಎಫ್‌ಟಿ-ಐಸಿಆರ್ ವಿಧಾನವನ್ನು 1974ರಲ್ಲಿ ಕೊಮಿಸರೋ ಮತ್ತು ಮಾರ್ಷಲ್ ಕೆನಡಾದಲ್ಲಿ ತೋರಿಸಿಕೊಟ್ಟರು. ಅಲೆಕ್ಸಾಂಡರ್ ಮಕಾರೋವ್ ರೂಪಿಸಿದ ಆರ್ಬಿಟ್ರ್ಯಾಪ್ 2005ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಕಾಂತವೇ ಇಲ್ಲ. ಕದಿರಿನ ಆಕಾರದ ಲೋಹದ ತುಂಡಿನ ಸುತ್ತ ಅಯಾನುಗಳು ಸುತ್ತುತ್ತ, ಜೊತೆಗೆ ಅದರ ಉದ್ದಕ್ಕೂ ಹಿಂದೆ ಮುಂದೆ ತೂಗುತ್ತವೆ. ಆ ತೂಗಾಟದ ಆವರ್ತನದಿಂದ ದ್ರವ್ಯರಾಶಿ ಸಿಗುತ್ತದೆ. ಹೆಚ್ಚು ಹೊತ್ತು ಆಲಿಸಿದಷ್ಟೂ ಹತ್ತಿರ ಹತ್ತಿರದ ಎರಡು ಆವರ್ತನಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ಇದರ ಜೊತೆ ಜಾನ್ ಫೆನ್ ಬೆಳೆಸಿದ ಎಲೆಕ್ಟ್ರೋಸ್ಪ್ರೇಯನ್ನೂ ನೆನೆಯಬೇಕು. ದ್ರಾವಣವನ್ನು ಸೂಜಿಮೊನೆಯಿಂದ ವಿದ್ಯುದಾವೇಶ ಪಡೆದ ಮಂಜಾಗಿ ಚಿಮ್ಮಿಸಿ, ಅಣುವನ್ನು ಒಡೆಯದೆ ಅಯಾನಾಗಿಸುವ ಈ ವಿಧಾನಕ್ಕೆ 2002ರ ನೊಬೆಲಿನಲ್ಲಿ ಪಾಲು ಸಿಕ್ಕಿತು. ದ್ರವವನ್ನು ಕಂಬದಲ್ಲಿ ಹಾಯಿಸಿ ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿಯನ್ನೂ ಮಾಸ್ ಸ್ಪೆಕ್ಟ್ರೋಮೀಟರನ್ನೂ ಸುಲಭವಾಗಿ ಜೋಡಿಸಲು ಸಾಧ್ಯವಾದದ್ದು ಇದರಿಂದ.

ಈಗ ನಿಜವಾದ ಒಂದು ಅಣುವನ್ನು ಕೈಗೆತ್ತಿಕೊಳ್ಳೋಣ. ಚಿಕ್ಕಮಗಳೂರು, ಕೊಡಗಿನ ಕಾಫಿಯಲ್ಲಿರುವ ಕೆಫೀನ್ ಎಲ್ಲರಿಗೂ ಪರಿಚಿತ. ಇಂಗಾಲ 8, ಜಲಜನಕ 10, ಸಾರಜನಕ 4, ಆಮ್ಲಜನಕ 2. ಪೂರ್ಣಾಂಕದಲ್ಲಿ 194. ಕಾಫಿ ಬೀಜದಲ್ಲಿ ಕ್ವಿನಿಕ್ ಆಮ್ಲದೊಡನೆ ಬೆಸೆದುಕೊಂಡಿರುವ, ನಮ್ಮ ರಾಗಿಯಲ್ಲೂ ಇರುವ ಫೆರೂಲಿಕ್ ಆಮ್ಲದ ದ್ರವ್ಯರಾಶಿಯೂ 194. ಎಲೆಕ್ಟ್ರೋಸ್ಪ್ರೇಯಲ್ಲಿ ಎರಡೂ ಒಂದೊಂದು ಪ್ರೋಟಾನು ಪಡೆದು 195ರಲ್ಲಿ ಕಾಣಿಸಿಕೊಳ್ಳುತ್ತವೆ. ಸಾಧಾರಣ ಯಂತ್ರಕ್ಕೆ ಇವೆರಡರ ಭೇದ ತಿಳಿಯದು. ಲೆಕ್ಕ ಹಾಕಿದರೆ ಕೆಫೀನಿನ ಅಯಾನು 195.0877, ಫೆರೂಲಿಕ್ ಆಮ್ಲದ ಅಯಾನು 195.0652. ನಮ್ಮ ಯಂತ್ರ 195.0881ರಲ್ಲಿ ಒಂದು ಶಿಖರ ತೋರಿಸಿತೆನ್ನಿ. ಕೆಫೀನಿಗೂ ಅದಕ್ಕೂ ಇರುವ ಅಂತರ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು, ಅಂದರೆ ಎರಡು ಪಿಪಿಎಂ ಆಸುಪಾಸು. ಫೆರೂಲಿಕ್ ಆಮ್ಲ ನೂರಕ್ಕೂ ಹೆಚ್ಚು ಪಿಪಿಎಂ ದೂರ. ಆ ಶಿಖರ ಫೆರೂಲಿಕ್ ಆಮ್ಲದ್ದಲ್ಲ. ಇಲ್ಲಿಗೆ ಒಂದು ಬಾಗಿಲು ಭದ್ರವಾಗಿ ಮುಚ್ಚಿತು.

ಹಾಗಾದರೆ ಅದು ಕೆಫೀನ್ ಎಂದು ಹೇಳಿಬಿಡಬಹುದೇ? ಮೀಥೈಲ್ ಗ್ಲುಕೋಸೈಡ್ ಎಂಬ ಸಕ್ಕರೆಯ ಜಾತಿಯ ಅಣು ಒಂದಿದೆ. ಇಂಗಾಲ 7, ಜಲಜನಕ 14, ಆಮ್ಲಜನಕ 6. ಸಾರಜನಕವೇ ಇಲ್ಲದ, ಕೆಫೀನಿಗೆ ಯಾವ ಸಂಬಂಧವೂ ಇಲ್ಲದ ವಸ್ತು. ಅದರ ಪ್ರೋಟಾನು ಸೇರಿದ ಅಯಾನು 195.0863. ಕೆಫೀನಿನಿಂದ ಅದು ದೂರವಿರುವುದು ಏಳು ಪಿಪಿಎಂನಷ್ಟು ಮಾತ್ರ. ನಮ್ಮ ಅಳತೆ 195.0870 ಎಂದು ಬಂದಿದ್ದರೆ ಎರಡೂ 5 ಪಿಪಿಎಂ ಒಳಗೇ ಇರುತ್ತಿದ್ದವು. ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ ಅದು. 195ರಂಥ ಚಿಕ್ಕ ಅಣುವಿನಲ್ಲೇ ಹೀಗಾದರೆ 500, 800ರ ಹತ್ತಿರ ಹೋದಾಗ ಒಂದೇ ಕಿಟಕಿಯೊಳಗೆ ಹತ್ತಾರು ಸೂತ್ರಗಳು ಇಣುಕುತ್ತವೆ. ಗಂಧಕ, ರಂಜಕ, ಕ್ಲೋರಿನ್‌ಗಳಿಗೂ ಅವಕಾಶ ಕೊಟ್ಟರೆ ಪಟ್ಟಿ ಇನ್ನೂ ಉದ್ದವಾಗುತ್ತದೆ. ಟೋಬಿಯಾಸ್ ಕಿಂಡ್ ಮತ್ತು ಒಲಿವರ್ ಫೀನ್ 2006ರಲ್ಲಿ ಇದನ್ನು ಲೆಕ್ಕವಿಟ್ಟು ತೋರಿಸಿದರು: ಒಂದು ಪಿಪಿಎಂಗಿಂತ ಉತ್ತಮವಾದ ನಿಖರತೆ ಇದ್ದರೂ ದ್ರವ್ಯರಾಶಿಯೊಂದರಿಂದಲೇ ಸೂತ್ರ ನಿರ್ಧಾರವಾಗುವುದಿಲ್ಲ.

ಆದ್ದರಿಂದ ಎರಡನೆಯ ಸಾಕ್ಷಿಯನ್ನು ಕರೆಯಬೇಕು. ಅದು ಯಂತ್ರ ಬರೆದುಕೊಟ್ಟ ಅದೇ ರೋಹಿತದಲ್ಲಿ, ಮುಖ್ಯ ಶಿಖರದ ಪಕ್ಕದಲ್ಲೇ ನಿಂತಿರುತ್ತದೆ. ಪ್ರಕೃತಿಯಲ್ಲಿ ಇಂಗಾಲದ ನೂರು ಪರಮಾಣುಗಳಲ್ಲಿ ಸರಿಸುಮಾರು ಒಂದು 13 ತೂಕದ್ದು. ಎಂಟು ಇಂಗಾಲ, ನಾಲ್ಕು ಸಾರಜನಕವಿರುವ ಕೆಫೀನಿನಲ್ಲಿ ಒಂದು ಘಟಕ ಮೇಲಿನ ಶಿಖರ ಮುಖ್ಯ ಶಿಖರದ ನೂರಕ್ಕೆ ಹತ್ತರಷ್ಟು ಎತ್ತರವಿರಬೇಕು. ಮೀಥೈಲ್ ಗ್ಲುಕೋಸೈಡಿನಲ್ಲಿ ಅದು ಎಂಟರಷ್ಟನ್ನೂ ಮುಟ್ಟುವುದಿಲ್ಲ. ಕ್ಲೋರಿನ್ ಇದ್ದರಂತೂ ಎರಡು ಘಟಕ ಮೇಲೆ ಮೂರರಲ್ಲೊಂದು ಎತ್ತರದ ಜೊತೆಗಾರ ಕಾಣುತ್ತದೆ. ಬ್ರೋಮಿನ್ ಇದ್ದರೆ ಇಬ್ಬರೂ ಸರಿಸಮ. ಇದನ್ನು ಯಾರೂ ಮುಚ್ಚಿಡಲಾಗದು. ಮೂರನೆಯ ಸಾಕ್ಷಿ ಅಣುವನ್ನು ಒಡೆದಾಗ ಬರುತ್ತದೆ. ಕೆಫೀನಿನ ಅಯಾನನ್ನು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿದರೆ 57.0215 ತೂಕದ ಮೀಥೈಲ್ ಐಸೊಸಯನೇಟ್ ಕಳಚಿಕೊಂಡು 138.0662 ಉಳಿಯುತ್ತದೆ. ಸಕ್ಕರೆಯ ಜಾತಿಯದು ನೀರನ್ನೂ ಮೆಥನಾಲನ್ನೂ ಕಳೆದುಕೊಳ್ಳುತ್ತದೆ. ಯಂತ್ರದ ಹೊರಗೂ ಸಾಕ್ಷಿಗಳಿವೆ: ಕೆಫೀನ್ 273 ನ್ಯಾನೋಮೀಟರ್ ಸುತ್ತಮುತ್ತ ನೇರಳಾತೀತ ಬೆಳಕನ್ನು ಹೀರುತ್ತದೆ, ಆ ಗ್ಲುಕೋಸೈಡ್ ಅಲ್ಲಿ ಏನನ್ನೂ ಹೀರದು. ಇವೆಲ್ಲವನ್ನೂ ಕೇಳಿದ ಮೇಲೆ ಸೂತ್ರ ಇಂಥದ್ದೆಂದು ಹೇಳುವುದಕ್ಕೆ ಅಂಜಬೇಕಾಗಿಲ್ಲ.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿಡಬೇಕು. ರೆಸಲ್ಯೂಷನ್ ಬೇರೆ, ನಿಖರತೆ ಬೇರೆ. ಹತ್ತಿರದ ಎರಡು ಶಿಖರಗಳನ್ನು ಬೇರೆಬೇರೆಯಾಗಿ ಕಾಣಿಸುವುದು ರೆಸಲ್ಯೂಷನ್. ಕಾಣಿಸಿದ ಶಿಖರ ಸರಿಯಾದ ಅಂಕಿಯ ಮೇಲೆ ನಿಂತಿದೆಯೇ ಎನ್ನುವುದು ನಿಖರತೆ. ಚಿನಿವಾರನ ತಕ್ಕಡಿ ಗುಲಗಂಜಿಯ ವ್ಯತ್ಯಾಸಕ್ಕೂ ಅಲುಗಬಹುದು, ಆದರೆ ತೂಕದ ಬಟ್ಟೇ ಸವೆದಿದ್ದರೆ ಹೇಳುವ ತೂಕ ತಪ್ಪೇ. ಯಂತ್ರಕ್ಕೂ ಗೊತ್ತಿರುವ ದ್ರವ್ಯರಾಶಿಯ ವಸ್ತುಗಳನ್ನು ಕೊಟ್ಟು ಆಗಾಗ ಸರಿಪಡಿಸುತ್ತಿರಬೇಕು. ಕೋಣೆಯ ತಾಪಮಾನ ಒಂದೆರಡು ಡಿಗ್ರಿ ಬದಲಾದರೂ ಟೈಮ್ ಆಫ್ ಫ್ಲೈಟ್ ಕೊಳವೆಯ ಉದ್ದ ಅಷ್ಟಿಷ್ಟು ಬದಲಾಗಿ ಅಂಕಿ ಜಾರುತ್ತದೆ. ಆ ಕೋಣೆಗಳಲ್ಲಿ ಹಗಲು ರಾತ್ರಿ ಎಸಿ ಓಡುವುದು ಸುಖಕ್ಕಾಗಿ ಅಲ್ಲ.

ಪ್ರಯೋಗಾಲಯದ ಗಾಳಿಯಲ್ಲಿ ಸದಾ ತೇಲುತ್ತಿರುವ ಸಿಲಿಕೋನ್ ಜಾತಿಯ ಅಣುವೊಂದು 445.1200 ಎಂಬ ಅಂಕಿಯಲ್ಲಿ ಬಹುತೇಕ ಎಲ್ಲ ಯಂತ್ರಗಳಲ್ಲೂ ಕಾಣಿಸಿಕೊಳ್ಳುತ್ತದೆ. ಮೊದಮೊದಲು ಅದನ್ನು ಕಸ ಎಂದು ಬೈದುಕೊಂಡವರೇ ಆಮೇಲೆ ಅದನ್ನೇ ತೂಕದ ಬಟ್ಟಾಗಿ ಬಳಸಿಕೊಂಡರು. ಸೂತ್ರ ಖಚಿತವಾಗಿ ಗೊತ್ತು, ಕರೆಯದೆಯೇ ಬರುತ್ತದೆ, ಪ್ರತಿ ಅಳತೆಯಲ್ಲೂ ಹಾಜರಿರುತ್ತದೆ. ಇದಕ್ಕಿಂತ ಒಳ್ಳೆಯ ಮಾನದಂಡ ಬೇಕೇ! ಎಲ್ಲ ಅತಿಥಿಗಳೂ ಹೀಗೆ ಉಪಕಾರಿಗಳಲ್ಲ. ಪ್ಲಾಸ್ಟಿಕ್ ಮೆದುವಾಗಿಸಲು ಬಳಸುವ ಥ್ಯಾಲೇಟುಗಳು ನಳಿಕೆಯಿಂದ, ಮುಚ್ಚಳದಿಂದ, ದ್ರಾವಕದ ಬಾಟಲಿಯಿಂದ ಬಂದು 391.2843ರಲ್ಲೂ 149.0233ರಲ್ಲೂ ಕುಳಿತುಕೊಳ್ಳುತ್ತವೆ. ಗಿಡದ ಸಾರದಲ್ಲಿ ಥ್ಯಾಲೇಟ್ ಸಿಕ್ಕಿತು, ಅದು ಗಿಡವೇ ತಯಾರಿಸಿದ ಹೊಸ ವಸ್ತು ಎಂದು ಬರೆದ ಪ್ರಬಂಧಗಳಿಗೆ ಕೊರತೆಯಿಲ್ಲ. ಖಾಲಿ ದ್ರಾವಕವನ್ನು ಮೊದಲು ಓಡಿಸಿ ನೋಡುವ ಹತ್ತು ನಿಮಿಷದ ಕೆಲಸ ಎಷ್ಟೋ ಬಾರಿ ಇದನ್ನು ತಪ್ಪಿಸುತ್ತದೆ.

ಲೆಕ್ಕದಲ್ಲಿ ಆಗುವ ಇನ್ನೊಂದು ಜಾರುವಿಕೆ ವಿದ್ಯಾರ್ಥಿಗಳ ಗಮನಕ್ಕೆ. ಅಣು ಪಡೆಯುವುದು ಪ್ರೋಟಾನನ್ನು, ಪೂರ್ಣ ಜಲಜನಕವನ್ನಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಎಲೆಕ್ಟ್ರಾನು, 0.00055. ಏನು ಮಹಾ ಎನ್ನಬಹುದು. ಕೆಫೀನಿನಂಥ ಚಿಕ್ಕ ಅಯಾನಿನಲ್ಲಿ ಅದೇ ಸುಮಾರು ಮೂರು ಪಿಪಿಎಂ. ಐದು ಪಿಪಿಎಂ ಮಿತಿಯ ಅರ್ಧಕ್ಕಿಂತ ಹೆಚ್ಚು ಎಲೆಕ್ಟ್ರಾನನ್ನು ಮರೆತದ್ದಕ್ಕೇ ಹೋಯಿತು.

ಇಷ್ಟೆಲ್ಲ ಮಾಡಿ ಸೂತ್ರ ಸಿಕ್ಕಿತು. ಸೂತ್ರ ಸಿಕ್ಕಿದ್ದು ರಚನೆ ಸಿಕ್ಕಂತಲ್ಲ. ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಥಿಯೋಫಿಲಿನ್ ಎಂಬುದು ಉಬ್ಬಸಕ್ಕೆ ಕೊಡುವ ಔಷಧ. ಥಿಯೋಬ್ರೊಮಿನ್ ಕೋಕೋದಲ್ಲಿರುವ ವಸ್ತು. ಪ್ಯಾರಾಕ್ಸಾಂಥಿನ್ ನಾವು ಕುಡಿದ ಕಾಫಿಯ ಕೆಫೀನನ್ನು ನಮ್ಮ ಯಕೃತ್ತು ಮಾರ್ಪಡಿಸಿದಾಗ ಮುಖ್ಯವಾಗಿ ಆಗುವ ವಸ್ತು. ಮೂರರ ಸೂತ್ರವೂ ಒಂದೇ: ಇಂಗಾಲ 7, ಜಲಜನಕ 8, ಸಾರಜನಕ 4, ಆಮ್ಲಜನಕ 2. ಪ್ರೋಟಾನು ಸೇರಿದಾಗ ಮೂರೂ 181.0720. ನೂರು ಕೋಟಿ ರೆಸಲ್ಯೂಷನ್ ಇರುವ ಯಂತ್ರ ತಂದರೂ ಈ ಅಂಕಿಯಿಂದ ಅವುಗಳನ್ನು ಬೇರ್ಪಡಿಸಲಾಗದು. ಎರಡು ಮೀಥೈಲ್ ಗುಂಪುಗಳು ಉಂಗುರದ ಯಾವ ಸಾರಜನಕದ ಮೇಲೆ ಕುಳಿತಿವೆ ಎಂಬುದಷ್ಟೇ ಭೇದ.

ಒಡೆದು ನೋಡೋಣ. ಉಂಗುರ ಒಡೆಯುವಾಗ ಒಂದನೆಯ ಸ್ಥಾನದ ಸಾರಜನಕ ತನ್ನ ಪಕ್ಕದ ಇಂಗಾಲ, ಆಮ್ಲಜನಕಗಳೊಂದಿಗೆ ಕಳಚಿಕೊಳ್ಳುತ್ತದೆ. ಥಿಯೋಫಿಲಿನ್‌ನಲ್ಲಿ ಆ ಸಾರಜನಕಕ್ಕೆ ಮೀಥೈಲ್ ಅಂಟಿಕೊಂಡಿದೆ, ಹೋಗುವುದು 57.0215, ಉಳಿಯುವುದು 124.05. ಥಿಯೋಬ್ರೊಮಿನ್‌ನಲ್ಲಿ ಅಲ್ಲಿ ಮೀಥೈಲ್ ಇಲ್ಲ, ಹೋಗುವುದು 43.0058, ಉಳಿಯುವುದು 138.07. ಎಷ್ಟು ಚೆನ್ನಾಗಿ ಅಣು ತನ್ನ ಒಳಗಿನ ಜೋಡಣೆಯನ್ನು ತಾನೇ ಹೇಳುತ್ತದೆ ನೋಡಿ! ಆದರೆ ಪ್ಯಾರಾಕ್ಸಾಂಥಿನ್‌ನಲ್ಲೂ ಒಂದನೆಯ ಸ್ಥಾನದಲ್ಲಿ ಮೀಥೈಲ್ ಇದೆ. ಅದೂ 124.05 ಕೊಡುತ್ತದೆ. ಉಬ್ಬಸದ ರೋಗಿಯ ರಕ್ತದಲ್ಲಿ ಔಷಧದ ಪ್ರಮಾಣ ಅಳೆಯುವಾಗ, ಆತ ಬೆಳಿಗ್ಗೆ ಕಾಫಿ ಕುಡಿದಿದ್ದರೆ, ಎರಡನ್ನೂ ಒಂದೇ ಎಂದು ಎಣಿಸಿಬಿಡುವ ಅಪಾಯವಿದೆ. ಇಲ್ಲಿ ಕಾಪಾಡುವುದು ಕ್ರೊಮ್ಯಾಟೊಗ್ರಫಿಯ ಕಂಬ. ಎರಡೂ ಕಂಬದಿಂದ ಬೇರೆ ಬೇರೆ ಹೊತ್ತಿಗೆ ಹೊರಬರುವಂತೆ ನೋಡಿಕೊಳ್ಳಬೇಕು, ಶುದ್ಧ ಮಾದರಿಗಳನ್ನು ಪಕ್ಕದಲ್ಲಿ ಓಡಿಸಿ ಹೊತ್ತು ಹೊಂದುತ್ತದೆಯೇ ಎಂದು ತಾಳೆ ನೋಡಬೇಕು.

ನಮ್ಮ ಶ್ರೀಗಂಧದ ಎಣ್ಣೆಯಲ್ಲೂ ಇದೇ ಕಥೆ. ಮೈಸೂರಿನಲ್ಲಿ 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಆ ಎಣ್ಣೆಯ ಜೀವಾಳ ಆಲ್ಫಾ ಸ್ಯಾಂಟಲಾಲ್ ಮತ್ತು ಬೀಟಾ ಸ್ಯಾಂಟಲಾಲ್. ಎರಡಕ್ಕೂ ಇಂಗಾಲ 15, ಜಲಜನಕ 24, ಆಮ್ಲಜನಕ 1, ದ್ರವ್ಯರಾಶಿ 220.1827. ಸೂತ್ರದಿಂದ ಲೆಕ್ಕ ಹಾಕಿದರೆ ಉಂಗುರಗಳೂ ಜೋಡಿಬಂಧಗಳೂ ಸೇರಿ ನಾಲ್ಕು ಬರುತ್ತವೆ. ಆಲ್ಫಾದಲ್ಲಿ ಮೂರು ಉಂಗುರ ಒಂದು ಜೋಡಿಬಂಧ, ಬೀಟಾದಲ್ಲಿ ಎರಡು ಉಂಗುರ ಎರಡು ಜೋಡಿಬಂಧ. ಅಂಕಿ ಇವೆರಡನ್ನೂ ಒಟ್ಟಿಗೇ ಒಪ್ಪಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಮಾನಕ ಎಣ್ಣೆಯಲ್ಲಿ ಆಲ್ಫಾ ನೂರಕ್ಕೆ 41ರಿಂದ 55, ಬೀಟಾ 16ರಿಂದ 24 ಇರಬೇಕು ಎನ್ನುತ್ತದೆ. ಅದನ್ನು ಅಳೆದು ಕೊಡುವುದು ಗ್ಯಾಸ್ ಕ್ರೊಮ್ಯಾಟೊಗ್ರಫಿ. ಇನ್ನೂ ಒಂದು ತೊಡಕಿದೆ. ಇಂಥ ಆಲ್ಕೊಹಾಲುಗಳು ಅಯಾನಾಗುವಾಗ ಸುಲಭವಾಗಿ ನೀರನ್ನು ಕಳೆದುಕೊಂಡು 203.1794ರಲ್ಲಿ ಕಾಣಿಸುತ್ತವೆ. ಅದನ್ನೇ ಪೂರ್ಣ ಅಣುವೆಂದು ನಂಬಿದವರಿಗೆ ಆಮ್ಲಜನಕವೇ ಇಲ್ಲದ, ಎಣ್ಣೆಯಲ್ಲಿ ಇಲ್ಲದಿರಬಹುದಾದ ಒಂದು ಹೈಡ್ರೊಕಾರ್ಬನ್ ಸಿಕ್ಕಂತಾಗುತ್ತದೆ, ಅದೂ ನಾಲ್ಕು ದಶಮಾಂಶಗಳ ನಿಖರತೆಯೊಂದಿಗೆ.

ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ಹೊಸ ಅಣುವಿನ ವಿವರದ ಕೊನೆಯಲ್ಲಿ ‘ಲೆಕ್ಕದ ಬೆಲೆ ಇಷ್ಟು, ಅಳತೆಯ ಬೆಲೆ ಇಷ್ಟು’ ಎಂಬ ಸಾಲನ್ನು ಬರೆಯುತ್ತೀರಿ. ಆ ಸಾಲು ನಿಮ್ಮ ಅಣು ಶುದ್ಧವಾಗಿದೆ ಎಂದು ಹೇಳುವುದಿಲ್ಲ. ಸೀಸೆಯಲ್ಲಿರುವುದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ನಿಮ್ಮ ಅಣುವಾಗಿದ್ದರೂ ಅದು ಪ್ರೋಟಾನನ್ನು ಸುಲಭವಾಗಿ ಹಿಡಿಯುವ ಜಾತಿಯಾಗಿದ್ದರೆ ರೋಹಿತದಲ್ಲಿ ಅದೇ ದೊಡ್ಡದಾಗಿ ಮೆರೆಯುತ್ತದೆ. ಉಳಿದ ತೊಂಬತ್ತೊಂಬತ್ತು ಪಾಲು ಅಯಾನಾಗದೆ ಸುಮ್ಮನೆ ಪಂಪಿನೊಳಗೆ ಹೋಗಿರುತ್ತದೆ. ಉಪ್ಪು, ದ್ರಾವಕ, ಸಿಲಿಕಾ ಇವು ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ. ಹಿಂದೆ ಇಂಗಾಲ, ಜಲಜನಕ, ಸಾರಜನಕಗಳ ಶೇಕಡಾ ಪ್ರಮಾಣವನ್ನು ವಸ್ತುವನ್ನು ಸುಟ್ಟು ಅಳೆಯುತ್ತಿದ್ದರು. ಅದಕ್ಕೆ ಮಿಲಿಗ್ರಾಂಗಟ್ಟಲೆ ವಸ್ತು ಬೇಕಿತ್ತು, ಅದಕ್ಕೂ ತನ್ನದೇ ತೊಂದರೆಗಳಿದ್ದವು. ಆದರೂ ಅದು ಸೀಸೆಯಲ್ಲಿದ್ದ ಎಲ್ಲದರ ಬಗ್ಗೆಯೂ ಮಾತಾಡುತ್ತಿತ್ತು. ಮಾಸ್ ಸ್ಪೆಕ್ಟ್ರೋಮೀಟರ್ ಅಯಾನಾದದ್ದರ ಬಗ್ಗೆ ಮಾತ್ರ ಮಾತಾಡುತ್ತದೆ. ಅಣುವಿನ ರಚನೆಯನ್ನು ತೋರಿಸುವ ಎನ್‌ಎಂಆರ್ ರೋಹಿತ ಜೊತೆಗಿಲ್ಲದ ಎಚ್‌ಆರ್‌ಎಂಎಸ್ ಅಂಕಿ ಅರ್ಧ ಮಾತು. ನಿಮ್ಮ ಮಾರ್ಗದರ್ಶಕರೂ ಇದನ್ನು ಒಪ್ಪುತ್ತಾರೆಂದು ನಂಬಿದ್ದೇನೆ.

ಇನ್ನು, ಈ ದಶಮಾಂಶಗಳು ಸಾಮಾನ್ಯ ಜನರ ಔಷಧದ ಡಬ್ಬಿಯವರೆಗೆ ಬಂದ ಪ್ರಸಂಗ. ಇಂದಿನ ಉಪನ್ಯಾಸದಲ್ಲಿ ನನಗೆ ಹೆಚ್ಚು ಮುಖ್ಯವಾದ ಭಾಗ ಇದೇ.

ರಕ್ತದೊತ್ತಡಕ್ಕೆ ಕೊಡುವ ವಾಲ್ಸಾರ್ಟನ್ ಮಾತ್ರೆಗಳಲ್ಲಿ ಎನ್‌ಡಿಎಂಎ ಎಂಬ ನೈಟ್ರೊಸಮೀನ್ ಸೇರಿಕೊಂಡಿರುವುದು 2018ರಲ್ಲಿ ಬೆಳಕಿಗೆ ಬಂತು. ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಬಲವಾಗಿ ಶಂಕಿಸಲಾದ ವಸ್ತು ಅದು. ತಯಾರಿಕೆಯಲ್ಲಿ ದ್ರಾವಕವಾಗಿ ಬಳಸಿದ ಡಿಎಂಎಫ್ ಒಡೆದು ಡೈಮೀಥೈಲಮೀನ್ ಆಗುತ್ತದೆ. ಉಳಿದುಹೋದ ಅಜೈಡನ್ನು ನಾಶಮಾಡಲು ಹಾಕುವ ಸೋಡಿಯಂ ನೈಟ್ರೈಟ್ ಅದರೊಡನೆ ಸೇರಿದರೆ ಎನ್‌ಡಿಎಂಎ ಹುಟ್ಟುತ್ತದೆ. ಹಲವಾರು ದೇಶಗಳಲ್ಲಿ ಮಾತ್ರೆಗಳನ್ನು ಹಿಂದಕ್ಕೆ ಪಡೆದರು. ದಿನಕ್ಕೆ 96 ನ್ಯಾನೋಗ್ರಾಂ ಮೀರಬಾರದೆಂದು ಮಿತಿ ಗೊತ್ತುಮಾಡಿದರು. ಒಂದು ಗ್ರಾಮಿನ ನೂರು ಕೋಟಿಯಲ್ಲಿ 96 ಭಾಗ. ಅಷ್ಟು ಕಡಿಮೆ ಪ್ರಮಾಣವನ್ನು ಹುಡುಕಬೇಕಾದಾಗ ಎಚ್‌ಆರ್‌ಎಂಎಸ್ ಮುಂಚೂಣಿಗೆ ಬಂತು.

ಆಮೇಲೆ ಮೆಟ್‌ಫಾರ್ಮಿನ್ ಸರದಿ. ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಈ ಹೆಸರು ತಿಳಿಯದವರಿಲ್ಲ. ಅಮೆರಿಕದ ಒಂದು ಖಾಸಗಿ ಪ್ರಯೋಗಾಲಯ ಎಚ್‌ಆರ್‌ಎಂಎಸ್ ಬಳಸಿ ಪರೀಕ್ಷಿಸಿದ 38 ಮಾದರಿಗಳಲ್ಲಿ 16ರಲ್ಲಿ ಎನ್‌ಡಿಎಂಎ ಮಿತಿ ಮೀರಿದೆ ಎಂದು 2020ರಲ್ಲಿ ವರದಿ ಮಾಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಪ್ರಯೋಗಾಲಯದಲ್ಲಿ ಅವೇ 38 ಮಾದರಿಗಳನ್ನು ಮತ್ತೆ ಅಳೆಯಿತು. ಬಳಸಿದ್ದು ಅದೇ ಬಗೆಯ ಯಂತ್ರವನ್ನೇ. ಫಲಿತಾಂಶ ಮಾತ್ರ ಬೇರೆ ಬಂತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಆ ದ್ರಾವಕ ಡಿಎಂಎಫ್. ಎನ್‌ಡಿಎಂಎಯ ಅಯಾನು 75.0553. ಡಿಎಂಎಫ್‌ನ ಅಯಾನು 74.0600, ಒಂದು ಘಟಕ ಕೆಳಗೆ, ಅದರಿಂದ ತೊಂದರೆ ಆಗಬಾರದು. ಆದರೆ ಸಾರಜನಕದಲ್ಲೂ ಭಾರದ ಸಮಸ್ಥಾನಿ ಇದೆ, ಸಾವಿರದಲ್ಲಿ ನಾಲ್ಕಕ್ಕೂ ಕಡಿಮೆ. ಆ ಭಾರದ ಸಾರಜನಕ ಹೊತ್ತ ಡಿಎಂಎಫ್ ಅಯಾನು 75.0571ರಲ್ಲಿ ನಿಲ್ಲುತ್ತದೆ. ಎನ್‌ಡಿಎಂಎಗೂ ಅದಕ್ಕೂ ಅಂತರ 0.0018 ಮಾತ್ರ, ಸುಮಾರು 24 ಪಿಪಿಎಂ. ಎರಡನ್ನೂ ಬೇರೆಯಾಗಿ ಕಾಣಲು ನಲವತ್ತು ಸಾವಿರಕ್ಕಿಂತ ಹೆಚ್ಚಿನ ರೆಸಲ್ಯೂಷನ್ ಬೇಕು. ಮಾದರಿಯಲ್ಲಿ ಡಿಎಂಎಫ್ ಪ್ರಮಾಣ ಎನ್‌ಡಿಎಂಎಗಿಂತ ಬಹಳ ಹೆಚ್ಚಿದ್ದಾಗ, ಅದರ ಸಾವಿರದ ನಾಲ್ಕು ಪಾಲೂ ಎನ್‌ಡಿಎಂಎಯನ್ನು ಮೀರಿಸುತ್ತದೆ. ಅದರ ಮೇಲೆ ಎರಡೂ ಕಂಬದಿಂದ ಒಟ್ಟೊಟ್ಟಿಗೇ ಹೊರಬಂದರೆ, ಅಂಕಿಯ ಕಿಟಕಿಯನ್ನೂ ಅಗಲವಾಗಿ ತೆರೆದಿಟ್ಟಿದ್ದರೆ, ದ್ರಾವಕವನ್ನೇ ವಿಷವೆಂದು ಎಣಿಸಿದಂತಾಗುತ್ತದೆ.

ಒಂದು ಸಮಸ್ಥಾನಿ, ಒಂದು ಅಗಲವಾದ ಕಿಟಕಿ, ಸರಿಯಾಗಿ ಬೇರ್ಪಡಿಸದ ಒಂದು ಕಂಬ. ಇವು ಮೂರೂ ಕೂಡಿ, ಕೋಟ್ಯಂತರ ಜನ ದಿನವೂ ನುಂಗುವ, ಅಗ್ಗವಾದ, ದಶಕಗಳಿಂದ ಕೆಲಸ ಮಾಡುತ್ತಿರುವ ಔಷಧದ ಮೇಲೆ ಇಲ್ಲದ ಆರೋಪವನ್ನು ಹೊರಿಸಬಲ್ಲವಾಗಿದ್ದವು. ಹೆದರಿ ಮಾತ್ರೆ ಬಿಟ್ಟವರ ಸಕ್ಕರೆ ಏರಿದರೆ ಅದರ ಪರಿಣಾಮ ತಕ್ಷಣವೇ ಕಾಣುತ್ತದೆ. ಹಾಗೆಂದು ಆರೋಪವನ್ನು ತಳ್ಳಿಹಾಕಿ ಸುಮ್ಮನಿರುವಂತೆಯೂ ಇರಲಿಲ್ಲ, ಏಕೆಂದರೆ ವಾಲ್ಸಾರ್ಟನ್ ವಿಷಯದಲ್ಲಿ ಆರೋಪ ನಿಜವಾಗಿತ್ತು. ಎರಡು ಕಡೆಯೂ ಮನುಷ್ಯರ ಆರೋಗ್ಯವಿದ್ದಾಗ, ‘ಹೆಚ್ಚುಕಡಿಮೆ ಅದೇ ಇರಬೇಕು’ ಎಂಬ ಉತ್ತರಕ್ಕೆ ಪ್ರಯೋಗಾಲಯದಲ್ಲಿ ಜಾಗವಿಲ್ಲ.

ಎಫ್‌ಡಿಎ ವಿಜ್ಞಾನಿಗಳು ಮಾಡಿದ ಕೆಲಸದಲ್ಲಿ ಯಾವ ಪವಾಡವೂ ಇರಲಿಲ್ಲ. ಡಿಎಂಎಫ್ ಮತ್ತು ಎನ್‌ಡಿಎಂಎ ಕಂಬದಿಂದ ಬೇರೆ ಬೇರೆ ಹೊತ್ತಿಗೆ ಹೊರಬರುವ ವಿಧಾನವನ್ನು ಬಳಸಿದರು. ಒಪ್ಪುವ ಅಂಕಿಯ ಕಿಟಕಿ ಎಷ್ಟು ಕಿರಿದಾಗಿರಬೇಕೆಂದು ತೋರಿಸಿದರು. ಬೇರೆ ವಿಧಾನದಿಂದಲೂ ಅಳೆದು ತಾಳೆ ನೋಡಿದರು. ತಾವು ಕಂಡದ್ದನ್ನು ಎಲ್ಲರೂ ಓದಬಹುದಾದ ಪ್ರಬಂಧವಾಗಿ ಅದೇ ವರ್ಷ ಪ್ರಕಟಿಸಿದರು. ಭಾರತದ ಔಷಧ ಕಂಪನಿಗಳ ಗುಣಮಟ್ಟ ವಿಭಾಗಗಳಲ್ಲಿ ಕೆಲಸ ಮಾಡುವ, ಈ ಸಭೆಯಲ್ಲೂ ಇರಬಹುದಾದ ಯುವ ವಿಶ್ಲೇಷಕರು ಆ ಪ್ರಬಂಧವನ್ನು ಹುಡುಕಿ ಓದಬೇಕು. ವಿದ್ಯಾರ್ಥಿಗಳು 75.0553 ಮತ್ತು 75.0571 ಎಂಬ ಎರಡು ಅಂಕಿಗಳನ್ನು ಪೆನ್ನು ಹಿಡಿದು ತಾವೇ ಲೆಕ್ಕ ಹಾಕಿ ನೋಡಬೇಕು. ಅರ್ಧ ಗಂಟೆ ಸಾಕು.

ಆ 38 ಮಾದರಿಗಳ ಲೆಕ್ಕ ಹೀಗಾಯಿತು. ಮಿತಿ ಮೀರಿವೆ ಎಂದು ಮೊದಲು ವರದಿಯಾದವು 16. ಎಫ್‌ಡಿಎ ಅಳತೆಯಲ್ಲಿ ಮಿತಿ ಮೀರಿದವು 8. ಆ ಎಂಟರಲ್ಲಿ ಎನ್‌ಡಿಎಂಎ ಮಿತಿಗಿಂತ ಹೆಚ್ಚು ಇದ್ದದ್ದು ನಿಜವಾಗಿತ್ತು, ಮತ್ತು ದೀರ್ಘಕಾಲ ಬಿಡುಗಡೆಯಾಗುವ ಬಗೆಯ ಮೆಟ್‌ಫಾರ್ಮಿನ್ ಮಾತ್ರೆಗಳ ಕೆಲವು ತಯಾರಿಕೆಗಳನ್ನು 2020ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು.